ಹೆಸರು ಹೇಳದ ಸುದ್ದಿ

ವಾಲ್ನಟ್ ಕ್ರೀಕ್
೧೪ ಫೆಬ್ರುವರಿ ೧೯೯೯

ಪ್ರೀತಿಯ ದಾನಕ್ಕ,

ಅಂತೂ ಮುಗಿಯಿತು. ಮೊನ್ನೆ ಶುಕ್ರವಾರ ಸೆನೆಟ್ಟಿನಲ್ಲಿ ಅಧ್ಯಕ್ಷರ ಮೇಲಿನ ಆರೋಪ ಬಿದ್ದುಹೋಯಿತು. ಒಂದು ವರ್ಷದಿಂದ ಈ ದೇಶದವರು ಬೇರೆ ಮಾತೇ ಆಡಿರಲಿಲ್ಲ. ಟಿವಿಯಲ್ಲಿ ಅದೇ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದರೂ ಅದೇ, ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಪಿಸುಪಿಸು ಅದೇ. ನಾನು ಮಾತ್ರ ನನ್ನ ಗುರುವಾರದ ಕಾರ್ಯಕ್ರಮದಲ್ಲಿ ಹಟ ಹಿಡಿದು ಆ ವಿಷಯ ಎತ್ತಲಿಲ್ಲ. ಬಡ ತಾಯಂದಿರಿಗೆ ಕೊಡುತ್ತಿದ್ದ ಸರ್ಕಾರಿ ನೆರವಿಗೆ ಇವರು ಗಡುವು ಹಾಕಿ ಕೂತಿದ್ದಾರೆ. ಗಡುವು ಮುಗಿದವರು ಎಲ್ಲಿಗೆ ಹೋದರು ಎಂದು ಯಾರೂ ಕೇಳುವುದಿಲ್ಲ. ಅದನ್ನೇ ಕೇಳಿದೆ. ಕೇಳುಗರಿಗೆ ಫೋನು ತೆರೆದರೆ ಫ್ರೀಮಾಂಟಿನಿಂದ ಒಬ್ಬಾತ, ಯಾವ ಕಂಪನಿಯ ಶೇರು ಕೊಳ್ಳಲಿ ಎಂದ. "ಇದು ರಾಜಕೀಯದ ಕಾರ್ಯಕ್ರಮ" ಎಂದೆ. "ಈಗ ರಾಜಕೀಯ ಅಂದರೆ ಇದೇ, ಮೇಡಂ" ಎಂದ. ರೇಡಿಯೋದಲ್ಲಿ ಎರಡು ಕ್ಷಣದ ಮೌನ ಎಷ್ಟು ಉದ್ದ ಎನ್ನುವುದು ನಿನಗಲ್ಲದೆ ಇನ್ನಾರಿಗೆ ಗೊತ್ತು?

ಧಾರವಾಡ ಆಕಾಶವಾಣಿಯಲ್ಲಿ ನಿನ್ನ ಪಕ್ಕ ಕೂತು ಸುದ್ದಿ ಓದಲು ಕಲಿತ ಮೈಸೂರಿನ ಹುಡುಗಿಗೆ ಈಗ ಅರವತ್ತು ವರ್ಷ. ಬರ್ಕ್ಲಿಯ ಈ ಸಣ್ಣ ಸ್ಟೇಷನ್ನಿಗೆ ಸೇರಿ ಕಾಲು ಶತಮಾನವಾಯಿತು. ಜಾಹೀರಾತು ಇಲ್ಲ, ಕೇಳುಗರ ದೇಣಿಗೆಯಲ್ಲೇ ನಡೆಯಬೇಕು. ನಮ್ಮ ಎರ್ನೆಸ್ಟೀನ್ ಈಗಲೂ ಫೋನಿನ ಮೇಜಿನ ಮುಂದೆ ಕೂರುತ್ತಾಳೆ. ಯಾರು ಮಾತಾಡಬೇಕು, ಯಾರು ಕಾಯಬೇಕು ಎಂದು ತೀರ್ಮಾನಿಸುವವಳು ಅವಳೇ. ಎಪ್ಪತ್ತರ ಹತ್ತಿರದ ಕರಿಯ ಹೆಂಗಸು. ಯುದ್ಧದ ಕಾಲದಲ್ಲಿ ಅವಳಪ್ಪನಿಗೆ ರಿಚ್ಮಂಡಿನ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿ, ಲೂಸಿಯಾನದಿಂದ ಬಂದ ಕುಟುಂಬ. ನಾನು ಹೊಸದಾಗಿ ಸೇರಿದಾಗ ನನ್ನ ಇಂಗ್ಲಿಷು ಅರ್ಥವಾಗುವುದಿಲ್ಲ ಎಂದು ದೂರು ಕೊಟ್ಟವರಿಗೆಲ್ಲ, "ಹಾಗಾದ್ರೆ ರೇಡಿಯೋ ಹತ್ತಿರ ಎಳಕೊಂಡು ಕೇಳಿ" ಎಂದು ಫೋನು ಇಟ್ಟವಳು. ಅವಳಿಲ್ಲದಿದ್ದರೆ ನಾನು ಆ ವರ್ಷವೇ ಮನೆಯಲ್ಲಿ ಕೂತಿರುತ್ತಿದ್ದೆ.

ನಮ್ಮ ಯಜಮಾನರು ಚೆನ್ನಾಗಿದ್ದಾರೆ. ಆಸ್ಪತ್ರೆಯ ಕೆಲಸ ಕಡಿಮೆ ಮಾಡಿ, ನಾಲ್ವರು ಡಾಕ್ಟರ್ ಸ್ನೇಹಿತರ ಜೊತೆ ಸೇರಿ ಹಳೇ ಕಟ್ಟಡಗಳನ್ನು ಕೊಂಡು ರಿಪೇರಿ ಮಾಡಿಸುವ ಯೋಚನೆಯಲ್ಲಿದ್ದಾರೆ. ನನಗೆ ಅದರ ಗೋಜು ಬೇಡ. ಸಹಿ ಹಾಕು ಎಂದರು, ಹಾಕಿದೆ.

ನಿನ್ನ ಕೆಮ್ಮು ಹೇಗಿದೆ? ಉದ್ದದ ಪತ್ರ ಬರಿ.

ನಿನ್ನ
ಸತ್ಯಾ


ಧಾರವಾಡ
೨೫ ಏಪ್ರಿಲ್ ೧೯೯೯

ಪ್ರೀತಿಯ ಸತ್ಯಾ,

ನಿಮ್ಮ ಅಧ್ಯಕ್ಷರು ಉಳಿದರು, ನಮ್ಮ ಸರ್ಕಾರ ಉಳಿಯಲಿಲ್ಲ. ಒಂದೇ ಒಂದು ಓಟಿನಿಂದ ಬಿತ್ತು. ಸಪ್ತಾಪುರದ ನಮ್ಮ ಓಣಿಯಲ್ಲಿ ಎರಡು ದಿನ ಎಲ್ಲರೂ ಆ ಒಬ್ಬನನ್ನು ಬೈದರು, ಮೂರನೇ ದಿನ ನೀರು ಬರಲಿಲ್ಲ ಎಂದು ನಗರಸಭೆಯವರನ್ನು ಬೈದರು.

ನಾನು ಹಾಯಾಗಿದ್ದೇನೆ. ಒಬ್ಬಳಿಗೆ ಎಷ್ಟು ಬೇಕು? ಒಪ್ಪತ್ತು ರೊಟ್ಟಿ, ಒಪ್ಪತ್ತು ಅನ್ನ. ರೈತರ ಕಾರ್ಯಕ್ರಮ ಬಿಟ್ಟು ಐದು ವರ್ಷವಾದರೂ ಸಂತೆಯಲ್ಲಿ ಬಾಯಿ ತೆರೆದರೆ ಸಾಕು, ಯಾರಾದರೂ ತಿರುಗಿ ನೋಡುತ್ತಾರೆ. ಹೋದ ಮಂಗಳವಾರ ಬದನೆಕಾಯಿ ಮಾರುವವಳು, "ಯಕ್ಕಾ, ನೀವು ರೇಡಿಯೋದಾಗ ಬೆಳಿ ರೋಗದ ಸುದ್ದಿ ಹೇಳ್ತಿದ್ರಿ ಹೌದಿಲ್ಲೋ? ನಮ್ಮಪ್ಪ ನಿಮ್ಮ ದನಿ ಕೇಳಿ ಎತ್ತು ನಿಂದ್ರಸ್ತಿದ್ದ" ಎಂದಳು. ಬದನೆಕಾಯಿ ಆರಿಸುವುದನ್ನು ಬಿಟ್ಟು ಅಲ್ಲೇ ನಿಂತುಬಿಟ್ಟೆ. ಕಣ್ಣು ಮಂಜಾಯಿತು.

ನಿನ್ನ ಪತ್ರ ಬಂದರೆ ಪಕ್ಕದ ಮನೆಯ ಗುರುಬಸವ್ವನಿಗೂ ಓದಿ ಹೇಳುತ್ತೇನೆ. ಅವಳು ಎರ್ನೆಸ್ಟೀನಳ ಬಗ್ಗೆ ಕೇಳಿ ಕೇಳಿ, "ಆಕಿಗೆ ಒಂದು ಇಳಕಲ್ ಸೀರಿ ಕಳಸೋಣು ತಡಿ" ಎನ್ನುತ್ತಾಳೆ. ಉಡಿಸುವವರು ಯಾರು ಎಂದರೆ, "ಸತ್ಯವ್ವ ಉಡಸ್ತಾಳ, ಮತ್ತೇನು ಕೆಲಸ ಆಕಿಗೆ" ಎಂದಳು.

ವೆಂಕಟಾಚಲ ಅವರಿಗೆ ನಮಸ್ಕಾರ ತಿಳಿಸು. ಅವರಂಥ ಸಮಾಧಾನದ ಗಂಡು ನಿನಗೆ ಸಿಕ್ಕಿದ್ದಕ್ಕೆ ನಾನು ಎಷ್ಟೋ ಸಲ ದೇವರಿಗೆ ಕೈ ಮುಗಿದಿದ್ದೇನೆ. ಅದು ಎಲ್ಲರಿಗೂ ಸಿಗುವುದಲ್ಲ.

ನಿನ್ನ
ದಾನವ್ವ


ವಾಲ್ನಟ್ ಕ್ರೀಕ್
೨೩ ಜನವರಿ ೨೦೦೦

ಪ್ರೀತಿಯ ದಾನಕ್ಕ,

ಇಷ್ಟು ದಿನ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಹೊಸ ಶತಮಾನ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಹೆದರಿಸಿದ್ದರು. ಏನೂ ಆಗಲಿಲ್ಲ. ಕೆಟ್ಟಿರುವುದು ಬೇರೆ ಏನೋ.

ಇಲ್ಲಿ ಈಗ ಫ್ರೀವೇ ಪಕ್ಕದ ಫಲಕಗಳೆಲ್ಲ ಡಾಟ್ ಕಾಮ್, ಇಂಟರ್ನೆಟ್ಟಿನಲ್ಲೇ ಅಂಗಡಿ ಇಟ್ಟ ಕಂಪನಿಗಳದು. ಸಾಬೂನಿನದೂ ಇಲ್ಲ, ಹಲ್ಲುಜ್ಜುವ ಪೇಸ್ಟಿನದೂ ಇಲ್ಲ. ನಾಯಿಯ ಊಟ ಮಾರಲು ಒಂದು, ಕಾಗದ ಕಳಿಸಲು ಇನ್ನೊಂದು. ಏನು ಮಾಡುತ್ತೇವೆಂದು ಹೇಳದವು ಇನ್ನೂ ಹತ್ತು. ಕೂಟದ ಸಂಕ್ರಾಂತಿಗೆ ಹೋದರೆ ಮಂಡ್ಯದ ಕಡೆಯ ಹುಡುಗನೊಬ್ಬ, "ಆಂಟೀ, ನಮ್ ಕಂಪನೀಲಿ ಲಂಚು ಫ್ರೀ, ಡಿನ್ನರೂ ಫ್ರೀ. ಮನೇಗ್ ಯಾಕ್ ಹೋಗ್ಬೇಕು ಹೇಳಿ?" ಎಂದ. ಅವನೇ ಒಳ್ಳೆಯ ಪ್ರಶ್ನೆ ಕೇಳಿದ ಎನಿಸಿತು. ಇದು ಚುನಾವಣೆಯ ವರ್ಷ. ಎರಡೂ ಪಕ್ಷದವರ ಭಾಷಣಗಳನ್ನು ಟೇಪಿನಲ್ಲಿ ಹಾಕಿಕೊಂಡು ಕೇಳಿದೆ. ಇಬ್ಬರೂ ದೇಶ ಹಿಂದೆಂದೂ ಇಷ್ಟು ಸುಖವಾಗಿರಲಿಲ್ಲ ಎನ್ನುತ್ತಾರೆ. ಆ ಸುಖ ಯಾರ ಮನೆಯಲ್ಲಿ ಇಳಿದುಕೊಂಡಿದೆ, ಅದಕ್ಕೆ ಜಾಗ ಬಿಟ್ಟುಕೊಟ್ಟವರು ಯಾರು ಎಂದು ಒಬ್ಬರೂ ಹೇಳುವುದಿಲ್ಲ.

ಎರ್ನೆಸ್ಟೀನಳಿಗೆ ಮನೆ ಬಿಡಲು ನೋಟೀಸು ಬಂದಿದೆ. ಓಕ್ಲೆಂಡಿನಲ್ಲಿ ಕೆರೆಯ ಹತ್ತಿರ ಒಂದು ಹಳೇ ಕಟ್ಟಡ. ಗಂಡ ಬದುಕಿದ್ದಾಗಿನಿಂದ ಅಲ್ಲಿದ್ದಾಳೆ. ಕಟ್ಟಡ ಕೈ ಬದಲಾಗಿದೆ. ಕೊಂಡವರು ಅದನ್ನು ಹೊಸದು ಮಾಡಿ ಡಾಟ್ ಕಾಮ್ ಹುಡುಗರಿಗೆ ಬಾಡಿಗೆಗೆ ಕೊಡುತ್ತಾರಂತೆ. ಬಾಡಿಗೆ ಸರಿಯಾಗಿ ಕಟ್ಟಿದವರನ್ನೂ ಕಾರಣ ಹೇಳದೆ ಎಬ್ಬಿಸಬಹುದು, ಇಲ್ಲಿನ ಕಾನೂನು ಹಾಗಿದೆ. ಒಂದು ತಿಂಗಳ ಗಡುವು. ಕಾಲು ಹಿಡಿದು ಇನ್ನೊಂದು ತಿಂಗಳು ಪಡೆದಿದ್ದಾಳೆ. ಈ ಸುದ್ದಿಯನ್ನು ಅವಳು ನನಗೆ ಹೇಳಿದ್ದು ಯಾರೋ ಕೇಳುಗರ ದೂರು ಒಪ್ಪಿಸಿದಂತೆ.

ಊರಿಡೀ ಹೀಗೆ ಜನ ಮನೆ ಬಿಡುತ್ತಿದ್ದಾರೆ. ಅದರ ಬಗ್ಗೆ ದೊಡ್ಡ ಕಾರ್ಯಕ್ರಮ ಮಾಡುತ್ತಿದ್ದೇನೆ, ಎರ್ನೆಸ್ಟೀನಳ ಕಟ್ಟಡವೂ ಅದರಲ್ಲಿ ಬರುತ್ತದೆ. ಒಂದು ತೊಡಕಿದೆ. ಕಟ್ಟಡ ಕೊಂಡವರಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರು ಇದ್ದಾರೆ. ನನಗೆ ಪರಿಚಯ. ಕೆಟ್ಟವರಲ್ಲ. ಅಲ್ಲಿ ಯಾರು ಇದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ. ಗೊತ್ತಾದ ಮೇಲೂ, ಉಳಿದ ಪಾಲುದಾರರು ಒಪ್ಪುವುದಿಲ್ಲ ಎನ್ನುತ್ತಾರೆ. ಬೇರೆ ಕಟ್ಟಡಗಳ ಮಾಲೀಕರ ಹೆಸರನ್ನೆಲ್ಲ ಓದುವಾಗ ಇದೊಂದನ್ನು ಬಿಡುವುದು ಹೇಗೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಬೇಗ ಬರಿ.

ನಿನ್ನ
ಸತ್ಯಾ


ಧಾರವಾಡ
೧೩ ಫೆಬ್ರುವರಿ ೨೦೦೦

ಪ್ರೀತಿಯ ಸತ್ಯಾ,

ನಿನ್ನ ಪತ್ರ ನಿನ್ನೆ ಬಂತು, ಇವತ್ತೇ ಬರೆಯುತ್ತಿದ್ದೇನೆ.

ಹೆಸರು ಬೇಡ. ಯಾರದೂ ಓದಬೇಡ. ಒಂದನ್ನು ಬಿಟ್ಟು ಉಳಿದದ್ದು ಓದಿದರೆ ಅದು ಮೋಸವಾಗುತ್ತದೆ. ಎಲ್ಲವನ್ನೂ ಬಿಟ್ಟರೆ ಮೋಸವಾಗುವುದಿಲ್ಲ. ಕಾನೂನು ಕೆಟ್ಟದ್ದು ಎಂದು ಹೇಳು, ಜನರ ಕಷ್ಟ ಹೇಳು. ಸಾಕು. ಒಬ್ಬ ಡಾಕ್ಟರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಆ ಮುದುಕಿಗೆ ಮನೆ ಸಿಗುತ್ತದೆಯೇ? ಅವರಿಗೂ ಹೆಂಡತಿ ಇರುತ್ತಾಳೆ, ಮನೆತನ ಇರುತ್ತದೆ. ನೀನು ಅದೇ ಜನರ ನಡುವೆ ಬದುಕಬೇಕು, ಹಬ್ಬಕ್ಕೆ ಅಲ್ಲೇ ಹೋಗಬೇಕು.

ಇನ್ನೊಂದು ಮಾತು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮೂರು ಅಂತಸ್ತು ಹತ್ತಿ ಇಳಿಯುವುದು ಆ ವಯಸ್ಸಿನಲ್ಲಿ ಎಷ್ಟು ದಿನ ಸಾಧ್ಯ? ನೆಲದ ಮೇಲಿನ ಒಂದು ಮನೆ ಸಿಕ್ಕರೆ ಅವಳ ಮೊಣಕಾಲಿಗೇ ಒಳ್ಳೆಯದು. ಹಾಗೆ ಯೋಚಿಸಿ ನೋಡು.

ಮೈಕಿನ ಮುಂದೆ ನಿಂತವರಿಗೆ ಒಂದು ಅಮಲು ಇರುತ್ತದೆ, ಸತ್ಯಾ. ನಿಜ ಹೇಳುತ್ತಿದ್ದೇವೆ ಎನ್ನುವ ಅಮಲು. ಕೆಂಪು ದೀಪ ಆರಿದ ಮೇಲೆ ಮನೆಗೆ ಹೋಗಬೇಕಲ್ಲ. ಮನೆ ಇರಬೇಕು. ನಾನು ನಿನಗಿಂತ ಮೂರು ವರ್ಷ ದೊಡ್ಡವಳು, ನನ್ನ ಮಾತು ಕೇಳು.

ನಿನ್ನ
ದಾನವ್ವ


ವಾಲ್ನಟ್ ಕ್ರೀಕ್
೩೦ ಏಪ್ರಿಲ್ ೨೦೦೦

ಪ್ರೀತಿಯ ದಾನಕ್ಕ,

ನಿನ್ನ ಮಾತಿನಂತೆ ನಡೆದೆ. ಮಾರ್ಚ್ ತಿಂಗಳಲ್ಲಿ ಕಾರ್ಯಕ್ರಮ ಪ್ರಸಾರವಾಯಿತು. ಒಂದು ಗಂಟೆಯಲ್ಲಿ ಒಬ್ಬ ಮಾಲೀಕನ ಹೆಸರೂ ಇಲ್ಲ. ಚೆನ್ನಾಗಿತ್ತು ಎಂದು ಬಹಳ ಜನ ಫೋನು ಮಾಡಿದರು. ಫೋನು ಎತ್ತಿದವರು ಬೇರೆಯವರು, ಏಕೆಂದರೆ ಅದೇ ದಿನ ಎರ್ನೆಸ್ಟೀನ್ ಸಾಮಾನು ಕಟ್ಟುತ್ತಿದ್ದಳು. ಸ್ಟಾಕ್ಟನ್ನಿನಲ್ಲಿ ಅವಳ ತಂಗಿ ಇದ್ದಾಳೆ, ಕಾರಿನಲ್ಲಿ ಎರಡು ತಾಸಿನ ದಾರಿ. ನಮ್ಮ ಸ್ಟೇಷನ್ನು ಅಲ್ಲಿ ಕೇಳುವುದಿಲ್ಲ.

ಮರುದಿನ ಹೋಗಿ ಕೊನೆಯ ಪೆಟ್ಟಿಗೆಗಳನ್ನು ಇಳಿಸಲು ಕೈ ಹಾಕಿದೆ. ಅವಳು ಅಳಲಿಲ್ಲ. ಕಿಟಕಿಯ ಪರದೆ ಬಿಚ್ಚಿ ಮಡಿಸಿದಳು, ಮತ್ತೆ ಬಿಚ್ಚಿ ಅಲ್ಲೇ ಕಟ್ಟಿದಳು. "ಕಿಟಕಿಯ ಅಳತೆಗೆ ಹೊಲಿದದ್ದು, ಅಲ್ಲಿ ಎಲ್ಲಿ ಹಾಕ್ಲಿ" ಎಂದಳು. ಬೀಳ್ಕೊಡುವಾಗ ನನ್ನನ್ನು ತಬ್ಬಿಕೊಳ್ಳಲಿಲ್ಲ. ಸುಸ್ತಾಗಿದೆ ಎಂದುಕೊಂಡೆ.

ಈಗ ನಿನಗೆ ಹೇಳದೆ ಉಳಿಸಿಕೊಂಡದ್ದನ್ನು ಹೇಳುತ್ತೇನೆ. ಆ ಡಾಕ್ಟರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರೇ. ಎರ್ನೆಸ್ಟೀನ್ ನೋಟೀಸಿನ ಸುದ್ದಿ ಹೇಳಿದ ಸಂಜೆ, ಊಟಕ್ಕೆ ಕೂತಾಗ ಆ ಬೀದಿಯ ಹೆಸರು ಹೇಳಿದೆ. ಇವರ ಕೈಯಲ್ಲಿದ್ದ ಚಮಚ ತಟ್ಟೆಗೆ ಇಳಿಯಿತು. "ಅದು ನಮ್ಮ ಬಿಲ್ಡಿಂಗು" ಎಂದರು. ಅಷ್ಟೂ ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ. ಎರ್ನೆಸ್ಟೀನಳನ್ನು ಮನೆಯಿಂದ ಎಬ್ಬಿಸಿದವರಲ್ಲಿ ನಾನೂ ಒಬ್ಬಳು.

ಬೇಡಿಕೊಂಡೆ. ಜಗಳವಾಡಿದೆ. "ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗತ್ತೆ, ಸತ್ಯಾ. ನಾಲ್ಕು ಜನ ಫ್ರೆಂಡ್ಸಿಗೆ ಏನು ಹೇಳಲಿ?" ಎಂದರು. ಮೂವತ್ತು ವರ್ಷ ಜನರ ಎದೆ ಬಡಿತ ಕೇಳಿದ ಮನುಷ್ಯ. ಮಧ್ಯಾಹ್ನದ ಊಟ ಬಿಟ್ಟು ಯಾರದೋ ಅಜ್ಜಿಯ ಪಕ್ಕ ಕೂತದ್ದನ್ನು ನಾನೇ ನೋಡಿದ್ದೇನೆ. ಅದೇ ಮನುಷ್ಯ ಇವರು ಎಂದು ನಂಬಲು ಆಗುತ್ತಿಲ್ಲ. ಬೇರೆ ಮನುಷ್ಯ ಎಂದೂ ಹೇಳಲಾರೆ.

ಈ ತಿಂಗಳು ಶೇರುಗಳೆಲ್ಲ ಕುಸಿದಿವೆ. ಕೂಟದ ಯುಗಾದಿಗೆ ಯಾರೂ ಜೋರಾಗಿ ಮಾತಾಡಲಿಲ್ಲ. ಬೇವು ಹಂಚುವವರ ಮುಂದೆ ಮೊದಲ ಸಲ ಉದ್ದ ಸಾಲಿತ್ತು ಎಂದು ಯಾರೋ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ನಿನ್ನಿಂದ ಮುಚ್ಚಿಟ್ಟೆ, ಕ್ಷಮಿಸು. ನೀನಾದರೂ ಇದನ್ನೆಲ್ಲ ದೂರ ನಿಂತು ನೋಡಿ, ಯಾರ ಪಕ್ಷವೂ ವಹಿಸದೆ ಬುದ್ಧಿ ಹೇಳಿದೆಯಲ್ಲ, ಅಷ್ಟು ಸಮಾಧಾನ.

ನಿನ್ನ
ಸತ್ಯಾ


ಧಾರವಾಡ
೪ ಜೂನ್ ೨೦೦೦

ಪ್ರೀತಿಯ ಸತ್ಯಾ,

ನಿನ್ನ ಪತ್ರ ಓದಿ ಗಾಬರಿಯಾಯಿತು. ವೆಂಕಟಾಚಲ ಅವರೇ ಎಂದು ನಾನು ಎಣಿಸಿರಲಿಲ್ಲ. ಆದದ್ದು ಆಯಿತು. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ಮನೆಯ ಮಾತು ಮನೆಯಲ್ಲಿರಲಿ.

ಇಲ್ಲಿ ಮಳೆ ಹಿಡಿದಿದೆ. ನನಗೆ ಕೈ ನೋವು, ಹೆಚ್ಚು ಬರೆಯಲಾಗುತ್ತಿಲ್ಲ. ಗುರುಬಸವ್ವ ಕೇಳಿದಳೆಂದು ಎರ್ನೆಸ್ಟೀನಳಿಗೆ ತಿಳಿಸು.

ದಾನವ್ವ


ವಾಲ್ನಟ್ ಕ್ರೀಕ್
೨೦ ನವೆಂಬರ್ ೨೦೦೦

ದಾನವ್ವನಿಗೆ,

ಜೂನ್ ಪತ್ರಕ್ಕೆ ಉತ್ತರಿಸಲಿಲ್ಲ. ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಇಲ್ಲಿ ಚುನಾವಣೆ ನಡೆದು ಎರಡು ವಾರವಾಗುತ್ತಾ ಬಂದರೂ ಗೆದ್ದವರು ಯಾರೆಂದು ಗೊತ್ತಿಲ್ಲ. ಫ್ಲೋರಿಡಾದಲ್ಲಿ ಓಟಿನ ಕಾಗದಗಳನ್ನು ದೀಪಕ್ಕೆ ಹಿಡಿದು ತೂತು ಪೂರ್ತಿ ಬಿದ್ದಿದೆಯೇ ಎಂದು ನೋಡುತ್ತಿದ್ದಾರೆ. ಲೋಕಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವವರು ಎಂದು ನಗಬಹುದಿತ್ತು. ನನಗೆ ಆ ದೀಪಕ್ಕೆ ಹಿಡಿದ ಕಾಗದ ಕಂಡಾಗಲೆಲ್ಲ ಒಬ್ಬಳೇ ನೆನಪಾಗುತ್ತಾಳೆ.

ಚುನಾವಣೆಯ ದಿನ ಎರ್ನೆಸ್ಟೀನ್ ಬೆಳಿಗ್ಗೆ ಬಸ್ಸು ಹಿಡಿದು ಸ್ಟಾಕ್ಟನ್ನಿನಿಂದ ಓಕ್ಲೆಂಡಿಗೆ ಬಂದಳು. ಹೊಸ ಊರಿನಲ್ಲಿ ಹೆಸರು ನೋಂದಾಯಿಸಿರಲಿಲ್ಲ. ಮತ್ತೆ ಇಲ್ಲಿಗೇ ಬರುತ್ತೇನೆ ಎಂದುಕೊಂಡಿದ್ದಳಂತೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮತಗಟ್ಟೆಯಲ್ಲಿದ್ದ ಹೆಂಗಸು ಇವಳ ಪರಿಚಯದವಳೇ. "ಈಗಲೂ ಅದೇ ಮನೇನಾ, ಎರ್ನೆಸ್ಟೀನ್?" ಎಂದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಇವಳು, "ಇಲ್ಲ, ಬಿಡಿಸಿದರು" ಎಂದಳು. ಆಗ ಬೇರೆ ಲಕೋಟೆಯಲ್ಲಿ ಓಟು ಹಾಕಿಸಿಕೊಂಡರು. ಪರಿಶೀಲಿಸಿ ಆಮೇಲೆ ಎಣಿಸುತ್ತಾರಂತೆ, ಎಣಿಸದೆಯೂ ಇರಬಹುದಂತೆ. ಕಾರಿಗೆ ಬಂದು ಕೂತು, "ನಮ್ಮಪ್ಪನಿಗೆ ಲೂಸಿಯಾನದಲ್ಲಿ ಒಂದು ಸಲವೂ ಓಟು ಹಾಕಲು ಬಿಡಲಿಲ್ಲ. ನಾನು ಇಲ್ಲಿ ಒಂದನ್ನೂ ತಪ್ಪಿಸಿಲ್ಲ" ಎಂದಳು.

ನಾನು ಕಾರು ಶುರು ಮಾಡಲಿಲ್ಲ. ಹೇಳಿಬಿಡಬೇಕು ಎಂದುಕೊಂಡೆ. ಬಾಯಿ ತೆರೆಯುವ ಮೊದಲೇ ಅವಳು, "ಗೊತ್ತು" ಎಂದಳು.

"ನಿನ್ನ ಗಂಡ ಬಿಲ್ಡಿಂಗು ನೋಡಲು ಬಂದ ದಿನ ನಾನು ಮೆಟ್ಟಿಲ ಮೇಲೆ ಇದ್ದೆ. ಕೈಯಲ್ಲಿ ಗ್ರೋಸರಿ ಚೀಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮರ್ಯಾದಸ್ಥರು. ಇಷ್ಟು ವರ್ಷ ಅವರ ಫೋನು ಎತ್ತಿ ನಿನಗೆ ಕೊಟ್ಟವಳು ನಾನು, ನಿನ್ನನ್ನು ಕರೆದೊಯ್ಯಲು ಬಂದಾಗೆಲ್ಲ ನನ್ನ ಮೇಜಿನ ಮುಂದೇ ನಿಲ್ಲುತ್ತಿದ್ದರು. ಗುರುತು ಸಿಗಲಿಲ್ಲ ಅವರಿಗೆ."

"ನನ್ನನ್ನು ಯಾಕೆ ಕೇಳಲಿಲ್ಲ?" ಎಂದೆ.

"ನೀನು ಸುದ್ದಿಯವಳು, ನೀನೇ ಹೇಳ್ತೀಯ ಅಂತ ಇದ್ದೆ. ಸಾಮಾನು ಕಟ್ಟುವಾಗ ರೇಡಿಯೋ ಹಾಕಿದ್ದೆ. ತಂಗಿ ಏನೋ ಮಾತಾಡ್ತಿದ್ದಳು. ಸುಮ್ಮನಿರು, ಈಗ ಹೇಳ್ತಾಳೆ ಅಂದೆ. ಆಮೇಲೆ ಸಂಗೀತ ಬಂತು, ಕಾರ್ಯಕ್ರಮ ಮುಗೀತು."

ದಾನವ್ವ, ನನಗೆ ಇದುವರೆಗೆ ಎಷ್ಟೋ ಜನ ಬೈದು ಪತ್ರ ಬರೆದಿದ್ದಾರೆ. ನಿಮ್ಮ ದೇಶಕ್ಕೆ ಹೋಗು ಎಂದಿದ್ದಾರೆ. ಯಾವುದೂ ಇಷ್ಟು ತಾಗಿರಲಿಲ್ಲ.

ಮನೆಗೆ ಬಂದು ವೆಂಕಟಾಚಲರ ಮುಂದೆ ಎಲ್ಲ ಹೇಳಿದೆ. ಅವರು ಮುಖ ಮುಚ್ಚಿಕೊಂಡರು. ಆಮೇಲೆ, ತಮ್ಮನ್ನೇ ಸಮಾಧಾನ ಮಾಡಿಕೊಳ್ಳುವವರಂತೆ, "ದಾನಮ್ಮನವರೂ ಹೆಸರು ಬೇಡ ಅಂತಲೇ ಅಂದ್ರಲ್ಲ" ಎಂದರು. ನಿನ್ನ ಸಲಹೆಯ ಪತ್ರವನ್ನು ನಾನು ಅವರಿಗೆ ತೋರಿಸಿರಲಿಲ್ಲ. ಕೇಳಿದೆ. ಫೆಬ್ರುವರಿಯಲ್ಲಿ ನಿನಗೆ ಫೋನು ಮಾಡಿದ್ದನ್ನು ಒಪ್ಪಿಕೊಂಡರು.

ನಿನ್ನ ಪತ್ರ ತೆಗೆದು ಮತ್ತೆ ಓದಿದೆ. ಮೂರು ಅಂತಸ್ತು, ಲಿಫ್ಟ್ ಇಲ್ಲ, ಮೊಣಕಾಲು. ಅದೊಂದನ್ನೂ ನಾನು ನಿನಗೆ ಬರೆದಿರಲಿಲ್ಲ. ಅವರ ಮಾತನ್ನು ನಿನ್ನ ಅಕ್ಷರದಲ್ಲಿ ಓದಿ ನಾನು ತಲೆದೂಗಿದ್ದೆ. ಆಮೇಲೆ ಜೂನಿನಲ್ಲಿ ನೀನು, "ನಾನು ಎಣಿಸಿರಲಿಲ್ಲ" ಎಂದು ಬರೆದೆ.

ಈ ತಿಂಗಳ ಕೊನೆಯ ಗುರುವಾರ ಹೆಸರು ಹೇಳುತ್ತೇನೆ, ಅವರದೂ ನನ್ನದೂ. ಸಲಹೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಸತ್ಯವತಿ


ಧಾರವಾಡ
೧೪ ಡಿಸೆಂಬರ್ ೨೦೦೦

ಸತ್ಯಾ,

ಈ ಪತ್ರವನ್ನು ನೀನು ಒಡೆಯುತ್ತೀಯೋ ಇಲ್ಲವೋ. ಒಡೆದರೆ ಪೂರ್ತಿ ಓದು.

ವೆಂಕಟಾಚಲ ಅವರು ಫೋನು ಮಾಡಿದ್ದು ನಿಜ. "ದಾನಮ್ಮನವರೇ, ಅವಳು ಕೇಳೋದು ನಿಮ್ಮ ಮಾತು ಒಂದೇ. ಇದನ್ನ ರೇಡಿಯೋದಲ್ಲಿ ಹೇಳಿದ್ರೆ ನಾವಿಬ್ರೂ ಒಂದೇ ಮನೇಲಿ ಇರೋಕಾಗಲ್ಲ" ಎಂದರು. ನನಗೆ ಕೇಳಿಸಿದ್ದು ಆ ಕೊನೆಯ ಮಾತು ಒಂದೇ. ನಿನ್ನ ಪತ್ರ ಬಂದಾಗ ಅದರಲ್ಲಿ ನೀನು ಅವರ ಹೆಸರು ಬರೆದಿರಲಿಲ್ಲ. ನನಗೂ ಗೊತ್ತಿಲ್ಲದಂತೆ ಇರುವುದು ಸುಲಭವಾಯಿತು. ಜೂನಿನಲ್ಲಿ ಬರೆದದ್ದು ಶುದ್ಧ ಸುಳ್ಳು. ಕೈ ನೋವೂ ಇರಲಿಲ್ಲ.

ನಾನು ಯಾಕೆ ಒಬ್ಬಳೇ ಇದ್ದೇನೆಂದು ನೀನು ಒಮ್ಮೆಯೂ ಕೇಳಲಿಲ್ಲ. ಗಂಡ ಕುಡಿಯುತ್ತಿದ್ದರು ಎಂದು ಯಾರೋ ಹೇಳಿದ್ದನ್ನು ನಂಬಿದ್ದೀಯ ಎಂದು ಕಾಣುತ್ತದೆ. ಅವರು ಒಂದು ಹನಿಯನ್ನೂ ಮುಟ್ಟಿದವರಲ್ಲ. ನೀನು ಅಮೆರಿಕಕ್ಕೆ ಹೋದ ಮರುವರ್ಷ ಬಿತ್ತಿದ ಜೋಳ ಮೊಳೆಯಲಿಲ್ಲ ಎಂದು ನಾಲ್ಕು ಊರಿನ ರೈತರು ಸ್ಟೇಷನ್ನಿಗೆ ಬಂದರು. ಎಲ್ಲರೂ ಒಂದೇ ಅಂಗಡಿಯಿಂದ ಬೀಜ ತಂದಿದ್ದರು. ಅದು ನಮ್ಮವರ ಅಣ್ಣ, ನನ್ನ ಭಾವ ಅಪ್ಪಾಸಾಹೇಬರ ಅಂಗಡಿ. ಆ ಸಂಜೆಯ ಕಾರ್ಯಕ್ರಮದಲ್ಲಿ ಊರು, ಅಂಗಡಿ, ಹೆಸರು, ಎಲ್ಲ ಹೇಳಿದೆ. ಬೇರೆ ರೈತರಾದರೂ ಉಳಿಯಲಿ ಎಂದು. ಅವರು ಉಳಿದರು. ನಾನು ಮನೆಗೆ ಹೋದಾಗ ನನ್ನ ಟ್ರಂಕು ಕಟ್ಟೆಯ ಮೇಲಿತ್ತು. ನಮ್ಮವರು ಬಾಗಿಲ ಒಳಗೆ ನಿಂತು, "ಇವತ್ತ ಎಲ್ಲಾರೂ ನಿನ್ನ ದನಿ ಕೇಳ್ಯಾರ. ಇನ್ನ ಈ ಮನಿಯಾಗ ಕೇಳೂದು ಬ್ಯಾಡ" ಎಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಸ್ಟೇಷನ್ನಿನ ಹತ್ತಿರ ಮನೆ ಮಾಡಿದ್ದೇನೆ, ಓಡಾಟ ಕಡಿಮೆ ಎಂದು ನಿನಗೆ ಬರೆದೆ. ಹದಿನೆಂಟು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ನನಗೆ ಬಸ್ ಸ್ಟ್ಯಾಂಡಿನಲ್ಲಿ ಯಾರಿಂದಲೋ ಗೊತ್ತಾಯಿತು.

ಹೇಳಬಾರದಿತ್ತೇ ಎಂದು ಕೇಳಬೇಡ. ಎಷ್ಟೋ ದಿನ ಹೇಳಬಾರದಿತ್ತು ಎಂದುಕೊಂಡಿದ್ದೇನೆ. ಆ ರೈತರಲ್ಲಿ ಯಾರಾದರೂ ಸಿಕ್ಕ ದಿನ ಹೇಳಿದ್ದೇ ಸರಿ ಎಂದುಕೊಂಡಿದ್ದೇನೆ. ನಿನಗೆ ಆ ಕಟ್ಟೆ, ಆ ಟ್ರಂಕು ಬೇಡವೆಂದು ಹಾಗೆ ಬರೆದೆ. ನಿನ್ನ ಬದುಕನ್ನು ಉಳಿಸುತ್ತೇನೆಂದು ಹೋಗಿ ಆ ಮುದುಕಿಯ ಮುಂದೆ ನಿನ್ನನ್ನು ಸಣ್ಣವಳನ್ನಾಗಿ ಮಾಡಿದೆ.

ಈಗಾಗಲೇ ನೀನು ಹೇಳಿರುತ್ತೀಯ. ನಾನು ಕೇಳಿಸಿಕೊಂಡಿಲ್ಲ, ಆದರೆ ಹೇಗೆ ಹೇಳಿರುತ್ತೀಯ ಎಂದು ಗೊತ್ತು. ಮನೆಯಲ್ಲಿ ಒಬ್ಬಳೇ ಇದ್ದರೆ ದಿನವೂ ಹೊತ್ತಿಗೆ ಸರಿಯಾಗಿ ಒಲೆ ಹಚ್ಚು. ನಾನು ಮೊದಲ ಎರಡು ತಿಂಗಳು ಹಚ್ಚಲಿಲ್ಲ.

ದಾನವ್ವ


ಎಲ್ ಸೆರಿಟೊ
೨೫ ಫೆಬ್ರುವರಿ ೨೦೦೧

ದಾನಕ್ಕ,

ನಿನ್ನ ಪತ್ರ ಒಡೆದೆ, ಪೂರ್ತಿ ಓದಿದೆ. ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಆದರೆ ಇಪ್ಪತ್ತೇಳು ವರ್ಷ ನೀನು ಒಬ್ಬಳೇ ಇದ್ದೀಯ ಎಂದು ಗೊತ್ತಿದ್ದೂ ಯಾಕೆ ಎಂದು ಕೇಳದ ಈ ಸುದ್ದಿಯವಳ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ನವೆಂಬರ್ ಕೊನೆಯ ಗುರುವಾರ ಹೇಳಿದೆ. ಅದಕ್ಕೂ ಮೊದಲು ಬರೆದುಕೊಂಡದ್ದನ್ನು ಫೋನಿನಲ್ಲಿ ಎರ್ನೆಸ್ಟೀನಳಿಗೆ ಓದಿ ಹೇಳಿದ್ದೆ. "ಹೆಸರು ಬರುವಾಗ ಓಡ್ತಾ ಇದ್ದೀಯ, ನಿಧಾನ" ಎಂದಳು. ಇನ್ನೊಮ್ಮೆ ಓದಿಸಿದಳು. ಮುಗಿದ ಮೇಲೆ, "ತಡವಾಯ್ತು. ಆದರೂ ಆಗಬೇಕಿತ್ತು" ಎಂದಳು. ಅದು ಕ್ಷಮೆಯೋ ಅಲ್ಲವೋ ನಾನು ಕೇಳಲಿಲ್ಲ.

ಪ್ರಸಾರವಾದ ಮೇಲೆ ಕಟ್ಟಡ ಯಾರಿಗೂ ವಾಪಸು ಬರಲಿಲ್ಲ. ಕೂಟದವರು ನನ್ನನ್ನು ಬಾ ಎಂದೂ ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಒಬ್ಬಾಕೆ ಅಂಗಡಿಯಲ್ಲಿ ಎದುರಾಗಿ, "ಗಂಡನ ಮಾನ ನೀವೇ ತೆಗೆದ್ರಲ್ಲ" ಎಂದಳು. ಇನ್ನೊಬ್ಬಾಕೆ ಹಿಂದಿನಿಂದ ಬಂದು ಮಾತಾಡದೆ ಕೈ ಒತ್ತಿ ಹೋದಳು. ವೆಂಕಟಾಚಲ ಪಾಲುದಾರಿಕೆ ಬಿಟ್ಟರು. ಸ್ನೇಹಿತರು ಅವರ ಜೊತೆ ಮಾತು ಬಿಟ್ಟರು. ನಮ್ಮಿಬ್ಬರಿಗೂ ಆ ಮನೆಯಲ್ಲಿ ಎದುರೆದುರು ಕೂರಲಾಗಲಿಲ್ಲ. ಅವರು ಮಾರ್ಗನ್ ಹಿಲ್‌ನಲ್ಲಿ ಅಣ್ಣನ ಮಗನ ಮನೆಯಲ್ಲಿದ್ದಾರೆ. ನಾನು ಇಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟು ಹಿಡಿದಿದ್ದೇನೆ. ಮುಚ್ಚಿಹೋದ ಡಾಟ್ ಕಾಮಿನವರು ಖಾಲಿ ಮಾಡಿದ್ದು. ಗೋಡೆಯ ತುಂಬ ತಂತಿ ಎಳೆದ ತೂತುಗಳು.

ಜನವರಿಯಲ್ಲಿ ಹೊಸ ಅಧ್ಯಕ್ಷರು ಪ್ರಮಾಣ ಸ್ವೀಕರಿಸಿದರು. ಓಟು ಎಣಿಸುವುದನ್ನು ನಿಲ್ಲಿಸಿ ನ್ಯಾಯಾಲಯ ತೀರ್ಮಾನ ಮಾಡಿತು, ದೇಶ ಮರುದಿನ ಕೆಲಸಕ್ಕೆ ಹೋಯಿತು. ಇದನ್ನು ಕುರಿತು ನಾನು ಬರೆದದ್ದು ನನಗೇ ಸಪ್ಪೆಯಾಗಿ ಕಂಡಿತು. ಓಕ್ಲೆಂಡಿನ ಚುನಾವಣಾ ಕಚೇರಿಗೆ ಫೋನು ಮಾಡಿ ಒಂದು ಲಕೋಟೆಯ ಬಗ್ಗೆ ಕೇಳಿದೆ. ಒಬ್ಬೊಬ್ಬರದ್ದು ಹೇಳಲಾಗುವುದಿಲ್ಲ ಎಂದರು. ಆ ಉತ್ತರವನ್ನು ಎರ್ನೆಸ್ಟೀನಳಿಗೆ ತಲುಪಿಸುವ ಮೊದಲೇ ಅವಳ ತಂಗಿಯ ಫೋನು ಬಂತು. ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ.

ಅವಳ ಹಳೇ ಚರ್ಚಿನಲ್ಲೇ, ಓಕ್ಲೆಂಡಿನಲ್ಲಿ, ಮಣ್ಣಿಗೆ ಮುಂಚಿನ ಪ್ರಾರ್ಥನೆ. ತಂಗಿ ನನ್ನನ್ನು ಕರೆದು ಎರಡು ಮಾತಾಡು ಎಂದಳು. ಎದ್ದು ನಿಂತೆ. ಬದುಕೆಲ್ಲ ಮಾತಾಡಿಯೇ ಉಂಡವಳು ನಾನು. ಅವಳ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳಿ ಕೂತೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು, "ಹೌದು, ಹೌದು" ಎಂದಳು.

ಹಿಂದಿರುಗಿ ನೋಡಿದಾಗ ಕೊನೆಯ ಬೆಂಚಿನಲ್ಲಿ ವೆಂಕಟಾಚಲ ಇದ್ದರು. ನಾನು ಹೇಳಿರಲಿಲ್ಲ, ಸ್ಟೇಷನ್ನಿನವರು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ ಬಂದಿದ್ದರು. ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಊಟ. ಬಾಗಿಲಲ್ಲಿ ಬಂದವರ ಕೈ ಕುಲುಕುತ್ತಿದ್ದ ಹಿರಿಯರೊಬ್ಬರು ಇವರ ಕೈಯನ್ನೂ ಹಿಡಿದು, "ಎರ್ನೆಸ್ಟೀನ್ ನಿಮಗೆ ಹೇಗೆ ಪರಿಚಯ?" ಎಂದು ಕೇಳಿದರು. ನಾನು ಎರಡು ಮಾರು ದೂರದಲ್ಲಿದ್ದೆ. ಸ್ನೇಹಿತೆ ಎನ್ನಬಹುದಿತ್ತು. ಹೆಂಡತಿಯ ಜೊತೆ ಕೆಲಸ ಮಾಡುತ್ತಿದ್ದವರು ಎನ್ನಬಹುದಿತ್ತು. ಇವರು ಟೋಪಿಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ನಾನು ಅವರ ಮನೆ ಮಾಲೀಕನಾಗಿದ್ದೆ. ಅವರ ಮನೆ ಬಿಡಿಸಿದವನು ನಾನೇ" ಎಂದರು.

ಆ ಹಿರಿಯರು ಹಿಡಿದ ಕೈಯನ್ನು ಬಿಡಲಿಲ್ಲ. ಕೊನೆಗೆ, "ಊಟ ಆ ಕಡೆ ಇದೆ" ಎಂದು ತೋರಿಸಿದರು.

ವೆಂಕಟಾಚಲ ತಟ್ಟೆ ಹಿಡಿದು ಒಂದು ಉದ್ದ ಮೇಜಿನ ತುದಿಗೆ ಹೋಗಿ ಕೂತರು. ಸುತ್ತ ಯಾರೂ ಇರಲಿಲ್ಲ. ತಟ್ಟೆಯಲ್ಲಿದ್ದುದನ್ನು ಮುಟ್ಟದೆ ಅತ್ತರು. ನಾನು ಹೋಗಿ ಅವರ ಪಕ್ಕ ಕೂರಲಿಲ್ಲ, ದಾನಕ್ಕ. ಎದ್ದು ಮನೆಗೂ ಹೋಗಲಿಲ್ಲ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು, ಅವರು ಏಳುವವರೆಗೂ ಇದ್ದೆ.

ನಿನ್ನ
ಸತ್ಯಾ